ಹಳೆಯ ಬಾಗಿಲು

ಎರಡು ಯಂತ್ರಗಳು ನೆಟ್ಟಗಿದ್ದರೂ ಅವುಗಳ ನಡುವೆ ಮಾತು ನಿಂತುಹೋಗುವುದುಂಟು. ನಮ್ಮ ಮನೆಯ ಸರ್ವರಿನಲ್ಲಿ ತಂದೆಯವರ ಗಮಕವಾಚನದ ಧ್ವನಿಮುದ್ರಣಗಳಿವೆ. ಕಡತಗಳನ್ನು ಹಂಚುವ ಸಾಂಬಾ ತಂತ್ರಾಂಶವು ಹೊಸತಾದಂದಿನಿಂದ ಹಳೆಯ ಮೀಡಿಯಾ ಪ್ಲೇಯರಿಗೆ ಅವು ಕಾಣದಾದುವು. ತಂತಿ, ಗುಪ್ತಪದಗಳೆರಡೂ ಸರಿಯಾಗಿದ್ದುವು. ಪ್ಲೇಯರು ಬಲ್ಲುದು ಎಸ್‌ಎಂಬಿ ಎಂಬ ವಿನಿಮಯಕ್ರಮದ ಮೊದಲ ಆವೃತ್ತಿಯೊಂದನ್ನೇ. 2019ರ ಸಾಂಬಾ 4.11ರಿಂದೀಚೆಗೆ ಅದು ತಾನಾಗಿ ಮುಚ್ಚಿರುತ್ತದೆ. 2017ರಲ್ಲಿ ವಾನಾಕ್ರೈ ಪಿಡುಗು ವಿಂಡೋಸ್ ಗಣಕಗಳಿಗೆ ನುಗ್ಗಿದುದು ಆ ಆವೃತ್ತಿಯ ಬಾಗಿಲಿನಿಂದಲೇ. ಸರ್ವರಿಗೆ ಒಂದು ಸಾಲಿನ ಅಪ್ಪಣೆ ಬರೆದರೆ ಬಾಗಿಲು ಮರಳಿ ತೆರೆಯುವುದು. ತಾಯಿಯವರು ಆ ಕಂಠಕ್ಕಾಗಿ ಕಾದಿದ್ದರು; ಆದರೆ ಮನೆಯ ಲೆಕ್ಕಪತ್ರಗಳೂ ಅಲ್ಲಿಯೇ ಇದ್ದುವು. ಕಡೆಗೆ ಆ ಒಂದು ಕೋಶವನ್ನು ಮಾತ್ರ, ಪ್ಲೇಯರು ಬಲ್ಲ ಡಿಎಲ್‌ಎನ್‌ಎ ಮಾರ್ಗದಲ್ಲಿ, ಕೇಳುವುದಕ್ಕಷ್ಟೇ ತೆರೆದಿಟ್ಟೆನು. ಮಾತು ಕೂಡಿತು. ಹಳೆಯದನ್ನು ಆದರಿಸಬೇಕು, ನಿಜ. ಅದಕ್ಕಾಗಿ ಮನೆಯ ಅಗುಳಿಯನ್ನೇ ಕೀಳಬೇಕಾಗಿಲ್ಲ.