ಜಗಲಿಯಿಲ್ಲದ ಮನೆ

ಹಗಲೆಲ್ಲ ಓಡಿದ ಮನೆಗೂ ಇರುಳಾದರೆ ನಿಲ್ಲಲು ನೆಲ ಬೇಕು. ಲಿಯಾನಿನಲ್ಲಿರುವ ಭಾವಮೈದುನನ ಮೋಟಾರು-ಮನೆಯಲ್ಲಿ ಫ್ರಾನ್ಸ್ ಸುತ್ತಿದಾಗ ನಾನು ಕಲಿತ ಮೊದಲ ಪಾಠವಿದು. ಅಲ್ಲಿನ ಅನೇಕ ಊರುಗಳಲ್ಲಿ ಇಂಥ ವಾಹನಗಳಿಗೆಂದೇ ‘ಏರ್’ ಎಂಬ ತಂಗುದಾಣಗಳುಂಟು. ನೀರು ತುಂಬಿಕೊಳ್ಳಬಹುದು, ಕೊಳೆನೀರು ಚೆಲ್ಲಬಹುದು. ಆದರೆ ಒಳಗೆ ಮಲಗಿದರೆ ಅದು ‘ನಿಲುಗಡೆ’. ಹೊರಗೊಂದು ಕುರ್ಚಿ ಹಾಕಿದಿರೋ, ಅದೇ ‘ಬಿಡಾರ’! ಬಿಡಾರಕ್ಕೆ ಎಲ್ಲೆಡೆ ಅಪ್ಪಣೆಯಿಲ್ಲ.

ಈ ಸೂಕ್ಷ್ಮ ನಮ್ಮ ತಂದೆಯವರಿಗೆ ಹಿಡಿಸಲಿಲ್ಲ. ಊರಿನ ಮನೆ ಮಾರಿ ನಗರಕ್ಕೆ ಬಂದಂದಿನಿಂದ ಅವರಿಗೆ ಸಂಜೆ ಕೂರಲು ಜಗಲಿಯಿಲ್ಲ. “ಇಲ್ಲಿಯೂ ಒಳಗೇ ಕೂರಬೇಕೇನೋ?” ಎಂದರು. ನಾನು ಉತ್ತರಿಸಲಿಲ್ಲ; ಮಾರಿರೆಂದು ಒತ್ತಾಯಿಸಿದವನು ನಾನೇ.

ಬರ್ಗಂಡಿಯಲ್ಲಿ ಒಂದು ಸಂಜೆ ತಂಗುದಾಣ ಭರ್ತಿ. ಮುಂದಿನ ಊರಿನ ಚೌಕದಲ್ಲಿ ಮರುದಿನ ಸಂತೆ, ಅಲ್ಲಿಯೂ ನಿಲ್ಲುವಂತಿಲ್ಲ. ಸದಸ್ಯರಾದ ಪ್ರವಾಸಿಗರಿಗೆ ಒಂದಿರುಳು ಉಚಿತವಾಗಿ ಎಡೆಕೊಡುವ ರೈತರ ಕೂಟವೊಂದು ಆ ದೇಶದಲ್ಲಿ 1993ರಿಂದ ಇದೆ, ಭಾವಮೈದುನನೂ ಸದಸ್ಯ. ಹಾಗೆ, ಕತ್ತಲಾಗುವ ಮುನ್ನ ಒಂದು ದ್ರಾಕ್ಷಿತೋಟದ ಅಂಗಳ ಸೇರಿದೆವು.

ತಂದೆಯವರನ್ನು ಕಂಡ ತೋಟದ ಯಜಮಾನ, ಕೇಳದೆಯೇ, ಒಳಗಿನಿಂದ ಕುರ್ಚಿ ತಂದಿಟ್ಟ. ಅವರು ಬಳ್ಳಿಗಳನ್ನು ನೋಡುತ್ತ ಬಹಳ ಹೊತ್ತು ಕುಳಿತರು. ನಾನು ಪಕ್ಕದಲ್ಲಿ ನೆಲದ ಮೇಲೆ ಕುಳಿತೆ.

“ಸಾಲು ನೇರವಾಗಿವೆ ಕಣೋ,” ಎಂದರು.