ನಮಗಾಗದ ಗಿಡಗಳು

ತೋಟ ಮಾಡುವವರೆಂದರೆ ಕರುಣಾಳುಗಳು, ಇರುವೆಗೂ ದಾರಿ ಬಿಡುವವರು ಎಂದು ಲೋಕದ ನಂಬಿಕೆ. ನಾಲ್ಕು ಕುಂಡ ಇಟ್ಟುಕೊಂಡವರಿಗೆ ನಿಜ ಗೊತ್ತು. ಇಂಥ ಗಿಡವೆಂದರೆ ಪ್ರಾಣ ಎನ್ನುವವರಿಗೆ, ಕಂಡರಾಗದ ಗಿಡವೂ ಒಂದು ಇದ್ದೇ ಇರುತ್ತದೆ.

ಧಾರವಾಡ ಬಿಟ್ಟು ಡೊಂಬಿವಲಿಯ ಈ ಸೊಸೈಟಿಗೆ ಬಂದು ನೆಲೆಸಿದ ನಮಗೆ ಇದು ಚೆನ್ನಾಗಿ ಮನದಟ್ಟಾಗಿದೆ. ಇಲ್ಲಿಯ ಅಂಗಳ ಎಲ್ಲರದು. ಆದ್ದರಿಂದ ಎಲ್ಲರ ಇಷ್ಟವೂ ಅನಿಷ್ಟವೂ ಅಲ್ಲೇ ಬೆಳೆಯುತ್ತವೆ. ನಮ್ಮ ಮನೆಯವರಿಗೆ ಕ್ರೋಟನ್ ಆಗದು. "ಹೂವಿಲ್ಲ, ವಾಸನಿ ಇಲ್ಲ. ದೇವರಿಗೂ ಬ್ಯಾಡ, ಸಾರಿಗೂ ಬ್ಯಾಡ. ಬರೇ ಬಣ್ಣ ಹಚಗೊಂಡು ನಿಂತದ" ಎನ್ನುತ್ತಾರೆ. ಎದುರು ಮನೆಯ ಗುಜರಾತಿ ದಂಪತಿಗಳಿಗೆ ಮುಳ್ಳಿನ ಗಿಡ ಮನೆಯೊಳಗೆ ಬಂದರೆ ಜಗಳವೂ ಬಂದೀತೆಂಬ ಭಯ. ಯಾರೋ ಉಡುಗೊರೆ ಕೊಟ್ಟ ಕಳ್ಳಿ ಅವರ ಮೆಟ್ಟಿಲ ಮೇಲೆ ಗಡೀಪಾರಾಗಿ ಕುಳಿತಿದೆ.

ನಮ್ಮ ದ್ವೇಷದ ಗಿಡ ಕುಂಡದಲ್ಲಿ ಹಿಡಿಸುವಂಥದಲ್ಲ. ಅದು ನಮ್ಮ ಕಿಟಕಿಯ ಮುಂದಿನ ಹಾಲೆ ಮರ. ಮರಾಠಿಗರ ಸಾತವೀಣ, ಸಂಸ್ಕೃತದ ಸಪ್ತಪರ್ಣಿ. ಗೆಣ್ಣಿನ ಸುತ್ತ ಸಾಮಾನ್ಯವಾಗಿ ಏಳು ಎಲೆ, ಮುರಿದರೆ ಹಾಲು. ಬೇಗ ಬೆಳೆಯುತ್ತದೆ, ವರ್ಷವಿಡೀ ಹಸಿರು, ದನಗಳು ಬಾಯಿ ಹಾಕುವುದಿಲ್ಲ. ಹೀಗಾಗಿ ಮುಂಬಯಿ, ಪುಣೆ, ದಿಲ್ಲಿಗಳ ರಸ್ತೆ ಬದಿಯಲ್ಲೆಲ್ಲ ಇದನ್ನು ನೆಟ್ಟಿದ್ದಾರೆ. ಇದರ ಹಲಗೆಯಿಂದ ಶಾಲಾ ಮಕ್ಕಳ ಪಾಟಿ ಮಾಡುತ್ತಿದ್ದುದರಿಂದ ಶಾಸ್ತ್ರೀಯ ಹೆಸರಿನಲ್ಲಿ 'ಸ್ಕೋಲಾರಿಸ್' ಎಂಬ ಪದ ಸೇರಿತು. ವಿಶ್ವಭಾರತಿಯಲ್ಲಿ ಹಿಂದೆ ಪದವೀಧರರಿಗೆ ಇದರ ಎಲೆಗೊಂಚಲು ಕೊಡುವ ಪದ್ಧತಿ ಇತ್ತು.

ಇಷ್ಟು ಕುಲೀನ ಮರ ಅಕ್ಟೋಬರಿನಲ್ಲಿ ಹೂ ಬಿಟ್ಟರೆ ಮಾತ್ರ ನಮಗೆ ಗ್ರಹಚಾರ. ಹೊತ್ತು ಮುಳುಗಿದ ಮೇಲೆ ಪರಿಮಳ ಏಳುತ್ತದೆ. ಮೊದಲ ಐದು ನಿಮಿಷ ಸುಗಂಧ, ಆಮೇಲೆ ತಲೆಶೂಲೆ. ಕಿಟಕಿ ಮುಚ್ಚಿ ಸೆಕೆಯಲ್ಲಿ ಬೇಯುವುದೇ ನಮ್ಮ ದೀಪಾವಳಿ.

ಕಳೆದ ವರ್ಷ ಸೊಸೈಟಿಯ ಸಭೆಯಲ್ಲಿ ಮರವನ್ನು ಕಡಿಸುವ ಮಾತು ಬಂತು. ಮೇಲಿನ ಮಹಡಿಯ ಮಗುವಿಗೆ ಹೂವಿನ ಕಾಲದಲ್ಲಿ ಉಬ್ಬಸ ಹೆಚ್ಚುತ್ತದೆಂದು ಅದರ ತಾಯಿಯ ದೂರು. ಮಹಾರಾಷ್ಟ್ರದಲ್ಲಿ 1975ರ ಕಾಯ್ದೆಯಂತೆ ಪಟ್ಟಣದ ಮರ ಕಡಿಯಲು ಅನುಮತಿ ಬೇಕು. ಅರ್ಜಿಗೆ ಸಹಿ ಹಾಕಿಸುತ್ತಿದ್ದರು. ಕಾಗದ ನಮ್ಮ ಕೈಗೆ ಬರುವಾಗ ಕೆಳಮನೆಯ ಉಡುಪಿ ಕಡೆಯ ಅಜ್ಜಿ ನಮ್ಮತ್ತ ತಿರುಗಿ ಕನ್ನಡದಲ್ಲೇ ಕೇಳಿದರು: "ಅದು ನಮ್ಮ ಪಾಲೆ ಮರ ಮಾರಾಯ್ರೆ. ಕಡಿದರೆ ಆಟಿ ಅಮಾವಾಸ್ಯೆಗೆ ನಾನು ಎಲ್ಲಿಗೆ ಹೋಗುವುದು?"

ತುಳುನಾಡಿನ ಪದ್ಧತಿ ಅದು. ಆಟಿ ತಿಂಗಳ ಅಮಾವಾಸ್ಯೆಯಂದು ನಸುಕಿನಲ್ಲೆದ್ದು, ಕತ್ತಿ ಸೋಕಿಸದೆ ಕಲ್ಲಿನಿಂದಲೇ ಪಾಲೆಯ ತೊಗಟೆ ಜಜ್ಜಿ ತರುತ್ತಾರೆ. ಓಮ, ಬೆಳ್ಳುಳ್ಳಿ, ಕರಿಮೆಣಸು ಸೇರಿಸಿ, ಕಾದ ಬಿಳಿಗಲ್ಲು ಹಾಕಿ, ಖಾಲಿ ಹೊಟ್ಟೆಯಲ್ಲಿ ಕಹಿ ಕಷಾಯ ಕುಡಿದು ಮೇಲೆ ಮೆಂತೆ ಗಂಜಿ ಉಣ್ಣುತ್ತಾರೆ. ಗುರುತು ತಪ್ಪಿ ಕಾಸರಕದ ತೊಗಟೆ ತಂದರೆ ಜೀವಕ್ಕೇ ಅಪಾಯ. ಅಜ್ಜಿ ವರ್ಷಗಳಿಂದ ಕಣ್ಣಾರೆ ಕಂಡು ನಂಬಿದ ಮರ ಇದೊಂದೇ.

ನಾವು ಸಹಿ ಹಾಕಲಿಲ್ಲ. ಮಗುವಿನ ಉಸಿರೂ ಮುಖ್ಯ, ಅಜ್ಜಿಯ ಅಮಾವಾಸ್ಯೆಯೂ ಮುಖ್ಯ ಎಂದೆವು. ಊರು ಬಿಟ್ಟು ಬಂದವರಿಗೆ ಊರೆಂದು ಉಳಿಯುವುದು ಇಂಥ ಒಂದೆರಡು ವಸ್ತುಗಳೇ. ಕಡೆಗೆ ಅನುಮತಿ ಪಡೆದು ಮಗುವಿನ ಕಿಟಕಿಯ ಕಡೆಯ ಕೊಂಬೆಗಳನ್ನಷ್ಟೇ ಕಡಿಸಿದ್ದಾಯಿತು. ನಮ್ಮ ಕಡೆಯವು ಹಾಗೇ ಇವೆ; ನಮ್ಮ ತಲೆನೋವೂ ಹಾಗೇ ಇದೆ.

ಮೊನ್ನೆ ಮನೆಯವರು ಕ್ರೋಟನ್ ಮುಂದೆ ನಿಂತು, "ಇದರ ಊರು ಯಾವದರೀ?" ಎಂದು ಕೇಳಿದರು. ಮಲಯದ ಕಡೆಯ ದ್ವೀಪಗಳು ಎಂದೆವು.

"ಹಂಗಾದ್ರ ಇದೂ ನಮ್ಮಂಗ ಊರು ಬಿಟ್ಟು ಬಂದದ್ದ" ಎಂದು ಒಂದು ತಂಬಿಗೆ ನೀರು ಹಾಕಿದರು. ಮುಖ ಮಾತ್ರ ಗಂಟಿಕ್ಕಿಕೊಂಡೇ ಇತ್ತು.