ಉಳಿದ ಸ್ಕ್ರೂ

ಸೊಲ್ಲಾಪುರ ರಸ್ತೆಯ ಬದಿಗೆ ಮನೆ ಮಾಡಿದವರಿಗೆ ಧೂಳಿನ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಒರೆಸಿದ ಟೀಪಾಯಿಯ ಮೇಲೆ ಸಂಜೆ ಬೆರಳಾಡಿಸಿ ನಿಮ್ಮ ಹೆಸರು ಬರೆಯಬಹುದು. ಇಂಥ ಮನೆಯ ಕಪಾಟಿನಲ್ಲಿ ನಾಲ್ಕೂವರೆ ವರ್ಷ ಮಲಗಿದ್ದ ಲ್ಯಾಪ್‌ಟಾಪನ್ನು 2026ರ ಸಂಕ್ರಾಂತಿ ರಜೆಯಲ್ಲಿ ಹೊರಗೆ ತೆಗೆದೆ. ಅದರ ಬೆನ್ನಿನ ಜಾಲರಿಯಲ್ಲಿ ಎರಡು ಬೆಳೆ ಜೋಳ ತೆಗೆಯುವಷ್ಟು ಮಣ್ಣಿತ್ತು ಎಂದರೆ ಉತ್ಪ್ರೇಕ್ಷೆಯಾದೀತು. ಒಂದು ಬೆಳೆಗೆ ಅಡ್ಡಿಯಿರಲಿಲ್ಲ.

ಇದನ್ನು ಕೊಂಡದ್ದು 2019ರಲ್ಲಿ, ಮಗ ಎಂಜಿನಿಯರಿಂಗ್ ಓದುವಾಗ, ಶಿಕ್ಷಕರ ಸೊಸೈಟಿಯಲ್ಲಿ ಸಾಲ ತೆಗೆದು. ಅಂಗಡಿಯವನು 'ಗೇಮಿಂಗ್ ಲ್ಯಾಪ್‌ಟಾಪ್' ಎಂದಾಗ ನನ್ನ ಕಿವಿ ನೆಟ್ಟಗಾದವು. ಆಟಕ್ಕೂ ಓದಿಗೂ ಏನು ಸಂಬಂಧ? "ಅದು ಬರೇ ಹೆಸರ್ರಿ ಅಪ್ಪಾಜಿ, ಗಟ್ಟಿ ಯಂತ್ರ ಅಂತ ಅರ್ಥ" ಎಂದ ಮಗ. ಗಟ್ಟಿ ಎಂಬ ಮಾತಿಗೆ ಮೇಷ್ಟ್ರುಗಳು ಬೇಗ ಸೋಲುತ್ತಾರೆ. 2021ರಲ್ಲಿ ಅವನಿಗೆ ಪುಣೆಯಲ್ಲಿ ನೌಕರಿ ಸಿಕ್ಕು, ಕಂಪನಿಯೇ ಬೇರೊಂದು ಕೊಟ್ಟಿತು. ಇದು ಕಪಾಟು ಸೇರಿತು.

ಈಗ ಮಗಳು ಸಿವಿಲ್ ಎಂಜಿನಿಯರಿಂಗ್ ಎರಡನೇ ವರ್ಷ. ಕಟ್ಟಡಗಳನ್ನು ಮೂರು ಆಯಾಮದಲ್ಲಿ ಬರೆಯುವ ತಂತ್ರಾಂಶಕ್ಕೆ ಹೊಸ ಲ್ಯಾಪ್‌ಟಾಪ್ ಬೇಕೆಂದಳು. ಬೆಲೆ ಕೇಳಿ ನಾನು ಒಂದು ಲೋಟ ನೀರು ಕುಡಿದೆ. ಹಳೆಯದನ್ನು ತೆಗೆದು ಗುಂಡಿ ಒತ್ತಿದರೆ ಅದು ಎಚ್ಚರವಾಗುವಷ್ಟರಲ್ಲಿ ಮನೆಯಾಕೆ ಚಹಾ ಮಾಡಿ, ಸೋಸಿ, ತಂದೂ ಕೊಟ್ಟಳು. ಮೈಕ್ರೋಸಾಫ್ಟಿನವರು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಆರೈಕೆಯನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದ್ದೂ ತಲೆಯಲ್ಲಿತ್ತು. ಆದರೆ ಈ ಯಂತ್ರ ವಿಂಡೋಸ್ 11ಕ್ಕೆ ಅರ್ಹವಾಗಿತ್ತು. ಪ್ರೊಸೆಸರ್ ಇನ್ನೂ ಜವಾನನೇ. ಸೋತದ್ದು ಸಂಗ್ರಹ ಮತ್ತು ಸ್ಮರಣೆ, ಅಂದರೆ ಹಾರ್ಡ್ ಡಿಸ್ಕ್ ಮತ್ತು ರ್‍ಯಾಮ್.

ಇವೆರಡರ ವ್ಯತ್ಯಾಸವನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ಹಗೇವಿನ ಮಾತು ತೆಗೆಯುತ್ತೇನೆ. ಬಬಲೇಶ್ವರದ ಕಡೆಯ ನಮ್ಮೂರಿನಲ್ಲಿ ಜೋಳ ನೆಲದೊಳಗಿನ ಹಗೇವಿನಲ್ಲಿ ಇರುತ್ತಿತ್ತು. ಅದು ಸಂಗ್ರಹ. ಅವ್ವ ರೊಟ್ಟಿಗೆ ಹಿಟ್ಟು ನಾದುತ್ತಿದ್ದ ಪರಾತ ರ್‍ಯಾಮ್. ಹಗೇವು ಎಷ್ಟು ದೊಡ್ಡದಿದ್ದರೂ ಪರಾತ ಸಣ್ಣದಾದರೆ ಹತ್ತು ಮಂದಿಯ ಹಿಟ್ಟನ್ನು ಒಮ್ಮೆಗೇ ನಾದಲಾಗದು. ನಮ್ಮ ಲ್ಯಾಪ್‌ಟಾಪಿನ ಪರಾತ 8 ಜಿಬಿ. ಹಗೇವು ಒಂದು ಟೆರಾಬೈಟಿನ ಹಾರ್ಡ್ ಡಿಸ್ಕ್, ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ. ಸೆಕೆಂಡಿಗೆ 90 ಸುತ್ತು. ಕೇಳುವುದಕ್ಕೆ ವೇಗ, ಆದರೆ ಬೇಕಾದ ಅಕ್ಷರ ಸೂಜಿಯ ಕೆಳಗೆ ಬರುವ ತನಕ ಉಳಿದದ್ದೆಲ್ಲ ಬಾಗಿಲಲ್ಲಿ ಕಾಯಬೇಕು. ಹೊಸ ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ; ಇಲೆಕ್ಟ್ರಾನುಗಳು ನಿರೋಧಕ ಪದರದ ಹಿಂದೆ ಸೆರೆಯಾಗಿರುತ್ತವೆ, ಕರೆಂಟು ಹೋದರೂ ಕದಲುವುದಿಲ್ಲ. ಈ ಫ್ಲ್ಯಾಶ್ ಮೆಮೊರಿಯನ್ನು 1980ರ ದಶಕದಲ್ಲಿ ರೂಪಿಸಿದವರು ತೋಷಿಬಾ ಕಂಪನಿಯಲ್ಲಿದ್ದ ಜಪಾನಿನ ಫುಜಿಯೊ ಮಸುವೊಕಾ.

ರ್‍ಯಾಮಿನ ಕಥೆ ಇನ್ನೂ ಸ್ವಾರಸ್ಯ. ಐಬಿಎಮ್ಮಿನ ರಾಬರ್ಟ್ ಡೆನ್ನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಒಂದೊಂದು ಬಿಟ್ಟಿಗೂ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಆ ಕೆಪಾಸಿಟರ್ ತೂತಿನ ಗಡಿಗೆ ಇದ್ದಹಾಗೆ. ತುಂಬಿಸಿದ್ದು ಸೋರುತ್ತಲೇ ಇರುತ್ತದೆ. ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಗಡಿಗೆಗಳನ್ನೂ ಮತ್ತೆ ತುಂಬಿಸಬೇಕು. 8 ಜಿಬಿ ಎಂದರೆ ಸುಮಾರು 6,800 ಕೋಟಿ ಗಡಿಗೆ! ಸೆಕೆಂಡಿಗೆ ಹದಿನೈದು ಸಲ! ಇದನ್ನು ಹೇಳಿದಾಗ ಹಿಂದಿನ ಬೆಂಚಿನವರೂ ಒಂದು ಕ್ಷಣ ಎದ್ದು ಕೂಡುತ್ತಾರೆ.

ನಮ್ಮ ರಸ್ತೆಯಲ್ಲೇ ಕಂಪ್ಯೂಟರ್ ಅಂಗಡಿ ಇಟ್ಟಿರುವ ಹುಡುಗ ನನ್ನ ಹಳೆಯ ಶಿಷ್ಯ. ಎಂಟನೆಯ ಇಯತ್ತೆಯಲ್ಲಿ ವಿಜ್ಞಾನಕ್ಕೆ ನನ್ನಿಂದ ಹದಿನೇಳು ಅಂಕ ತೆಗೆದುಕೊಂಡವನು. "ಬರ್ರಿ ಸರ್, ಡಿಡಿಆರ್ ನಾಕೋ ಐದೋ?" ಎಂದ. ನನಗೆ ಗೊತ್ತಿರಲಿಲ್ಲ. ಮಾಡೆಲ್ ನಂಬರ್ ನೋಡಿ ನಾಲ್ಕು ಎಂದು ಅವನೇ ಹೇಳಿದ. ಒಂದರ ಗೂಡಿನಲ್ಲಿ ಇನ್ನೊಂದು ಕೂಡದಂತೆ ಪಟ್ಟಿಯಲ್ಲಿ ಕಚ್ಚಿನ ಜಾಗ ಬೇರೆ ಬೇರೆ ಇಟ್ಟಿರುತ್ತಾರಂತೆ. ಬೆಲೆ ಕೇಳಿದಾಗ ಅವನಿಗೇ ಸಂಕೋಚವಾಯಿತು. 2025ರ ಉತ್ತರಾರ್ಧದಲ್ಲಿ ಮೆಮೊರಿಯ ಬೆಲೆ ಎರಡು ಪಟ್ಟು ದಾಟಿ ಏರಿತ್ತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳಿಗೆ ತಯಾರಕರು ಸರಕು ಹೊಂದಿಸುತ್ತಿದ್ದರು. ಮೈಕ್ರಾನ್ ಕಂಪನಿಯಂತೂ ಕ್ರೂಷಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ಬಿಡುವುದಾಗಿ ಡಿಸೆಂಬರಿನಲ್ಲಿ ಸಾರಿತ್ತು. ಸಾವ್ಕಾರರ ಮದುವೆಗೆ ಊರ ಹಾಲೆಲ್ಲ ಹೋದರೆ ಓಣಿಯವರು ಕರಿ ಚಹಾ ಕುಡಿಯಬೇಕು. ಆದರೂ ಹೊಸ ಲ್ಯಾಪ್‌ಟಾಪಿನ ಮುಂದೆ ಇದು ಅಗ್ಗವೇ. 8 ಜಿಬಿಯ ಇನ್ನೊಂದು ಪಟ್ಟಿ, ಜೊತೆಗೆ 22 ಮಿಲಿಮೀಟರ್ ಅಗಲ 80 ಮಿಲಿಮೀಟರ್ ಉದ್ದದ ಒಂದು ಎಸ್‌ಎಸ್‌ಡಿ ಕೊಂಡೆ.

"ಇಲ್ಲೇ ಹಾಕಿಕೊಡ್ತೀನ್ರಿ ಸರ್, ಹತ್ತು ಮಿನಿಟಿನ ಕೆಲಸ" ಎಂದ. "ಬ್ಯಾಡ ತಮ್ಮಾ, ನಾನೇ ಹಾಕ್ತೀನಿ" ಎಂದೆ. ಹದಿನೇಳು ಅಂಕದವನ ಮುಂದೆ ಬಿಎಸ್ಸಿ ಬಿಎಡ್ ಸೋಲಬಾರದಲ್ಲ!

ಹಗೇವು ತೆಗೆದ ದಿನ ಅಪ್ಪ ಯಾರನ್ನೂ ತಕ್ಷಣ ಒಳಗೆ ಇಳಿಸುತ್ತಿರಲಿಲ್ಲ. ಒಳಗಿನ ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡು ತಳದಲ್ಲಿ ಕೂತಿರುತ್ತದೆ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುವುದು, ಆರಿದರೆ ಕಾಯುವುದು. ನಾನೂ ಹಾಗೆಯೇ ಮೊದಲು ಚಾರ್ಜರ್ ಕಿತ್ತೆ, ಹಿಂಬದಿಯ ಮುಚ್ಚಳ ಬಿಚ್ಚಿದ ಕೂಡಲೇ ಬ್ಯಾಟರಿಯ ತಂತಿ ಬಿಡಿಸಿದೆ. ಜನವರಿಯ ಒಣ ಹವೆ, ಮೈಮೇಲೆ ಟೆರಿಕಾಟ್ ಅಂಗಿ. ಬಾಚಣಿಕೆ ತಿಕ್ಕಿ ಕಾಗದದ ಚೂರು ಎತ್ತುವ ಪ್ರಯೋಗವನ್ನು ಇಪ್ಪತ್ತೆಂಟು ವರ್ಷ ಮಾಡಿಸಿದ ಮನುಷ್ಯ ನಾನು. ಬಚ್ಚಲಿಗೆ ಹೋಗಿ ಕಬ್ಬಿಣದ ನಳ ಮುಟ್ಟಿ ಬಂದೆ. ಬ್ರಷ್ಷಿನಿಂದ ಫ್ಯಾನಿನ ಧೂಳು ತೆಗೆದೆ. ಎಸ್‌ಎಸ್‌ಡಿ ಕೂತಿತು, ರ್‍ಯಾಮ್ ಕೂತಿತು. ಗುಂಡಿ ಒತ್ತಿದರೆ ಪರದೆ ಕಗ್ಗತ್ತಲು.

ಅರ್ಧ ಗಂಟೆ ಬೆವರಿದೆ. "ಇದ್ದದ್ದೂ ಹೋತೇನ್ರಿ?" ಎಂದು ಮನೆಯಾಕೆ ಒಳಗಿನಿಂದ ಕೇಳಿದಳು. ಕೊನೆಗೆ ಶಿಷ್ಯನಿಗೇ ಫೋನು. "ರ್‍ಯಾಮ್ ಪೂರಾ ಕೂತಿಲ್ರಿ ಸರ್. ತೆಗೆದು, ಓರೆ ಹಿಡಿದು ಒಳಗ ನೂಕಿ ಆಮೇಲೆ ಕೆಳಗ ಒತ್ರಿ. ಟಕ್ ಅನ್ನಬೇಕು." ಬ್ಯಾಟರಿ ಬಿಡಿಸಿ ಮತ್ತೆ ಒತ್ತಿದೆ. ಟಕ್ ಎಂದಿತು. ಪರದೆ ಬೆಳಗಿತು.

ಎಸ್‌ಎಸ್‌ಡಿಗೆ ವಿಂಡೋಸ್ 11 ಹಾಕಿದ ಮೇಲೆ ಹಳೆಯ ಡಿಸ್ಕಿನಲ್ಲಿದ್ದುದನ್ನು ವಿಂಗಡಿಸತೊಡಗಿದೆ. ಆಟಗಳ ಕಡತ ಇದ್ದವು, ಇಲ್ಲವೆನ್ನಲಾರೆ. ಅವುಗಳ ಪಕ್ಕದಲ್ಲೇ 'ಅಪ್ಪಾಜಿ' ಎಂಬ ಫೋಲ್ಡರು. ನಲವತ್ತು ಜಿಬಿಗೂ ಮಿಕ್ಕಿ.

2020ರಲ್ಲಿ ಶಾಲೆ ಮುಚ್ಚಿದಾಗ ಹತ್ತನೆಯ ತರಗತಿಗೆ ನಾನು ಮೊಬೈಲಿನಲ್ಲಿ ಪಾಠ ಹಿಡಿದು ಮಗನ ಕೈಗೆ ಕೊಡುತ್ತಿದ್ದೆ, ಬೆಳಿಗ್ಗೆ ಅವನು ಸಿದ್ಧ ಮಾಡಿ ಕೊಡುತ್ತಿದ್ದ, ನಾನು ಮಕ್ಕಳ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಹತ್ತು ನಿಮಿಷದ ಕೆಲಸವೆಂದೇ ತಿಳಿದಿದ್ದೆ. ಆ ಫೋಲ್ಡರಿನಲ್ಲಿ ಒಂದೊಂದು ಪಾಠಕ್ಕೆ ಇಪ್ಪತ್ತು ಮೂವತ್ತು ತುಂಡು. ನಾನು ಕೆಮ್ಮಿದ್ದು, ಲಾರಿ ಹಾರ್ನ್ ಹೊಡೆದದ್ದು, ಮನೆಯಾಕೆ ಕುಕ್ಕರ್ ಕೂಗಿಸಿದ್ದು ಎಲ್ಲ ಕತ್ತರಿಸಿ ಬೇರೆ ಇಟ್ಟಿದ್ದ. ಒಂದು ತುಂಡಿನಲ್ಲಿ ನಾನು ಬೇರೆ ಬೇರೆ ಪಾಠಗಳಲ್ಲಿ ಅಂದ 'ಏನಪಾ ಅಂದ್ರ' ಎಂಬುದನ್ನೆಲ್ಲ ಸಾಲಾಗಿ ಜೋಡಿಸಿದ್ದ. ಎಣಿಸಿದೆ, ನಲವತ್ತಮೂರು. ನಗು ಬಂತು. ಆಮೇಲೆ ಕಡತಗಳ ಮುಂದಿನ ವೇಳೆ ನೋಡಿದೆ. ರಾತ್ರಿ 1.47. 2.20. 3.05.

ಆ ವರ್ಷ ಜೂನಿನ ಒಂದು ರಾತ್ರಿ ಎರಡರ ಸುಮಾರಿಗೆ ಅವನ ಕೋಣೆಯಿಂದ ಫ್ಯಾನಿನ ಸದ್ದು ಹಿಟ್ಟಿನ ಗಿರಣಿಯ ಹಾಗೆ ಕೇಳಿತ್ತು. ಬಾಗಿಲು ದೂಡಿ ಒಳಗೆ ಹೋದವನು ಪರದೆಯನ್ನೂ ನೋಡಲಿಲ್ಲ. "ಸಾಲ ತುಂಬಾಂವ ನಾನು, ಆಟ ಆಡಾಂವ ನೀನು. ಮುಚ್ಚು ಅದನ್ನ!" ಅವನು ಒಂದು ಮಾತೂ ಆಡದೆ ಮುಚ್ಚಿದ. ಮರುದಿನ ಪಾಠ ಸಿದ್ಧವಾಗಿರಲಿಲ್ಲ. 'ತಾಂತ್ರಿಕ ಕಾರಣದಿಂದ' ಎಂದು ಮಕ್ಕಳಿಗೆ ಬರೆದು ಹಾಕಿದ್ದು ನಾನೇ. ವಿದ್ಯುತ್ತಿನ ಆರನೆಯ ಪಾಠದ ಫೋಲ್ಡರಿನಲ್ಲಿ ಅರ್ಧಕ್ಕೆ ನಿಂತ ಕಡತ ಈಗಲೂ ಇದೆ. ತೆರೆಯುವುದಿಲ್ಲ. ಕೆಳಗೆ ಮರುರಾತ್ರಿಯ ತಾರೀಖಿನ ಪೂರ್ತಿ ಪಾಠ.

ಮನೆಯಾಕೆಗೆ ತೋರಿಸಿದೆ. "ನನಗ ಗೊತ್ತಿತ್ರಿ. ರಾತ್ರಿ ಚಹಾ ಮಾಡಿ ಕೊಡಾಕಿ ಯಾರು?" ಎಂದಳು.

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಿದ್ದು ಯಾವಾಗ?"

ಸಂಜೆ ಪುಣೆಗೆ ಫೋನು ಮಾಡಿದೆ. ರ್‍ಯಾಮ್ ಹಾಕಿದ ಪ್ರತಾಪವನ್ನೆಲ್ಲ ಹೇಳಿದೆ, ಶಿಷ್ಯನಿಗೆ ಫೋನು ಮಾಡಿದ್ದೊಂದನ್ನು ಬಿಟ್ಟು. "ಎಷ್ಟಾತ್ರಿ ಈಗ?" ಎಂದ. "ಹದಿನಾರು ಜಿಬಿ" ಎಂದೆ. "ಆವಾಗ ಅಷ್ಟಿದ್ರ ಹನ್ನೊಂದಕ್ಕ ಮಲಗ್ತಿದ್ದೆ" ಎಂದು ನಕ್ಕ.

"ತಮ್ಮಾ, ಆ ರಾತ್ರಿ ನಾ..." ಎಂದೆ. ಮಾತು ಮುಂದೆ ಹೋಗಲಿಲ್ಲ. ಆ ಕಡೆಯೂ ಒಂದು ಗಳಿಗೆ ಸುಮ್ಮನಿತ್ತು.

"ಸ್ಕ್ರೂ ಒಂದು ಉಳಿದೈತೇನ್ರಿ ಅಪ್ಪಾಜಿ?"

ಮೇಜಿನ ಮೇಲೆ ನೋಡಿದೆ. ನಿಜವಾಗಿಯೂ ಒಂದು ಉಳಿದಿತ್ತು. "ನಿನಗ ಹ್ಯಾಂಗ ಗೊತ್ತು?"

"ಧೂಳ ತೆಗಿಯಾಕ ನಾನೂ ಬಿಚ್ಚಿದ್ದೆನಲ್ರಿ. ಎಡಗಡೆ ಹಿಂದಿನ ಮೂಲ್ಯಾಗ ನೋಡ್ರಿ, ರಬ್ಬರ್ ಕಾಲಿನ ಬಾಜೂಕ. ಕಣ್ಣಿಗೆ ಕಾಣಂಗಿಲ್ಲ ಅದು."

ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಕನ್ನಡಕ ಮೇಲೇರಿಸಿ, ಬ್ಯಾಟರಿ ಹಿಡಿದು ನೋಡಿದೆ. ಅಲ್ಲೇ ಇತ್ತು ತೂತು.